ಟಿಕ್‌ಟಾಕ್ ಮಾರಾಟಕ್ಕೂ ಸುಂಕದ ಮಾತುಕತೆಗೂ ಏನು ನಂಟು?

ಪ್ರಶ್ನೆ: ಮೇಡಂ, ಟಿಕ್‌ಟಾಕ್‌ನಿಂದ ದೇಶದ ಭದ್ರತೆಗೆ ಅಪಾಯ ಅಂತ ಅಮೆರಿಕ ಕಾನೂನನ್ನೇ ಮಾಡಿತು. ಆಮೇಲೆ ನೋಡಿದರೆ ಅದೇ ಆ್ಯಪ್ ಚೀನಾ ಜೊತೆಗಿನ ಸುಂಕದ ಮಾತುಕತೆಯಲ್ಲಿ ಕಾಣಿಸಿಕೊಂಡಿತು. ಭದ್ರತೆಯ ವಿಷಯದಲ್ಲೂ ಚೌಕಾಸಿ ಮಾಡಬಹುದಾ?

ಉತ್ತರ (ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ವಕೀಲೆ): ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲ. ಆದರೂ ನಡೆದದ್ದು ಅದೇ.

2024ರ ಏಪ್ರಿಲ್‌ನಲ್ಲಿ ಬೈಡನ್ ಸಹಿ ಹಾಕಿದ ಕಾನೂನಿನ ಪ್ರಕಾರ ಟಿಕ್‌ಟಾಕ್‌ನ ಒಡೆತನವಿರುವ ಚೀನಾದ ಕಂಪನಿ ಬೈಟ್‌ಡಾನ್ಸ್ 2025ರ ಜನವರಿ 19ರೊಳಗೆ ಆ್ಯಪ್‌ನ ಅಮೆರಿಕದ ವ್ಯವಹಾರವನ್ನು ಬಿಟ್ಟುಕೊಡಬೇಕಿತ್ತು. ಬಿಡದಿದ್ದರೆ ದಂಡ ಬೀಳುವುದು ಆ್ಯಪ್ ಸ್ಟೋರ್ ಮತ್ತು ಸರ್ವರ್ ಕಂಪನಿಗಳಿಗೆ, ಒಬ್ಬ ಬಳಕೆದಾರನಿಗೆ 5,000 ಡಾಲರ್‌ವರೆಗೆ ಲೆಕ್ಕ ಹಾಕಿ. ಸುಪ್ರೀಂ ಕೋರ್ಟ್ ಜನವರಿ 17ರಂದು ಇದನ್ನು ಒಮ್ಮತದಿಂದ ಎತ್ತಿಹಿಡಿಯಿತು.

ಇದು ಬಾಗಿಲಿಗೆ ಹಾಕಿದ ಒಂದು ಬೀಗ. ಇನ್ನೊಂದನ್ನು ಚೀನಾ 2020ರ ಆಗಸ್ಟ್‌ನಲ್ಲೇ ಹಾಕಿಟ್ಟಿತ್ತು. ಟ್ರಂಪ್ ಮೊದಲ ಅವಧಿಯಲ್ಲಿ ‘ಮಾರಿ’ ಎಂದು ಒತ್ತಡ ತಂದಾಗ, ಬಳಕೆದಾರರ ಅಭಿರುಚಿ ನೋಡಿ ವಿಡಿಯೊ ತೋರಿಸುವ ತಂತ್ರಜ್ಞಾನವನ್ನು ಅದು ರಫ್ತು ನಿರ್ಬಂಧದ ಪಟ್ಟಿಗೆ ಸೇರಿಸಿತು. ಹಾಗಾಗಿ ಬೈಟ್‌ಡಾನ್ಸ್ ಮನಸ್ಸು ಮಾಡಿದರೂ ಆ ತಂತ್ರಜ್ಞಾನ, ಅಂದರೆ ಅಲ್ಗಾರಿದಂ, ಕೊಡಲು ಬೀಜಿಂಗ್‌ನ ಪರವಾನಗಿ ಬೇಕು. ಸುಂಕದ ಮೇಜಿಗೆ ಆ್ಯಪ್ ಬಂದದ್ದು ಈ ದಾರಿಯಲ್ಲಿ. 2025ರ ಏಪ್ರಿಲ್ 2ರಂದು ಟ್ರಂಪ್ ಚೀನಾ ಮೇಲೆ ಶೇ 34ರ ಹೆಚ್ಚುವರಿ ಸುಂಕ ಘೋಷಿಸಿದರು. ಬಹುತೇಕ ಕುದುರಿದ್ದ ಟಿಕ್‌ಟಾಕ್ ಮಾರಾಟದ ಒಪ್ಪಂದ ಅಲ್ಲಿಗೇ ನಿಂತಿತು. ಮಾರಾಟಕ್ಕೆ ಚೀನಾ ಒಪ್ಪಿದರೆ ಸುಂಕ ಇಳಿಸಬಹುದು ಎಂದು ಟ್ರಂಪ್ ಬಹಿರಂಗವಾಗಿಯೇ ಹೇಳಿದ್ದರು. ಕೊನೆಗೆ ಚೌಕಟ್ಟು ಕುದುರಿದ್ದು ಸೆಪ್ಟೆಂಬರ್‌ನಲ್ಲಿ, ಮ್ಯಾಡ್ರಿಡ್‌ನ ವ್ಯಾಪಾರ ಮಾತುಕತೆಯಲ್ಲಿ.

ಪ್ರಶ್ನೆ: ಅಲ್ಲಿಯವರೆಗೆ ಗಡುವು ಮುಂದೂಡುತ್ತಲೇ ಇದ್ದರಲ್ಲ, ಅದು ಸರಿಯಾ?

ಉತ್ತರ: ನನಗಂತೂ ಸರಿ ಕಾಣಲಿಲ್ಲ. ಕಾನೂನು ಕೊಟ್ಟದ್ದು ಒಂದೇ ಒಂದು ವಿಸ್ತರಣೆ, ಗರಿಷ್ಠ 90 ದಿನ, ಅದೂ ಮಾರಾಟದ ಕೆಲಸ ಮುಂದುವರಿದಿದೆ ಎಂದು ಸಂಸತ್ತಿಗೆ ದೃಢೀಕರಿಸಿದ ಮೇಲೆ. ಟ್ರಂಪ್ ಆದೇಶದ ಮೇಲೆ ಆದೇಶ ಹೊರಡಿಸಿದರು. ದಂಡ ವಸೂಲಿ ಮಾಡಬೇಕಾದ ಅಟಾರ್ನಿ ಜನರಲ್ ಅವರೇ ‘ನಿಮ್ಮ ಮೇಲೆ ಕ್ರಮ ಇಲ್ಲ’ ಎಂದು ಕಂಪನಿಗಳಿಗೆ ಪತ್ರ ಬರೆದರು. ಅಪಾಯ ತಕ್ಷಣದ್ದು ಎಂದು ಕೋರ್ಟಿನಲ್ಲಿ ವಾದಿಸಿದ ಸರ್ಕಾರ ಒಂದು ವರ್ಷ ಕಾಯಬಲ್ಲದು ಎಂದರೆ, ಮುಂದಿನ ಸಲ ಭದ್ರತೆಯ ಹೆಸರೆತ್ತಿದಾಗ ನ್ಯಾಯಾಧೀಶರು ಇನ್ನೂ ನಾಲ್ಕು ಪ್ರಶ್ನೆ ಕೇಳಲಿ ಅನ್ನಿಸುತ್ತದೆ.

ಪ್ರಶ್ನೆ: ಭಾರತ ಒಂದೇ ದಿನದಲ್ಲಿ ಮುಗಿಸಿತಲ್ಲ?

ಉತ್ತರ: ಹೌದು. 2020ರ ಜೂನ್ 29ರಂದು ಐಟಿ ಕಾಯ್ದೆಯ 69ಎ ಸೆಕ್ಷನ್ ಅಡಿ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿರ್ಬಂಧಿಸಿತು. ಆದರೆ ಭಾರತ ಮಾರಾಟ ಕೇಳಲೇ ಇಲ್ಲ, ಮುಚ್ಚಿಸಿತು ಅಷ್ಟೆ. ಚೀನಾದ ಪರವಾನಗಿಯ ಪ್ರಶ್ನೆಯೇ ಹುಟ್ಟಲಿಲ್ಲ.

ಪ್ರಶ್ನೆ: ಇಂಥ ವಿವಾದ ಬಗೆಹರಿಸಲು ವಿಶ್ವ ವ್ಯಾಪಾರ ಸಂಸ್ಥೆ ಇದೆಯಲ್ಲ ಮೇಡಂ?

ಉತ್ತರ: ಆ ಸಂಸ್ಥೆಯ ಸೇವಾ ವ್ಯಾಪಾರ ಒಪ್ಪಂದದಲ್ಲೇ ಭದ್ರತೆಗೆ ವಿನಾಯಿತಿ ಇದೆ. ಮೇಲಾಗಿ ಅಲ್ಲಿನ ಮೇಲ್ಮನವಿ ಪೀಠ 2019ರ ಡಿಸೆಂಬರ್‌ನಿಂದ ಹೊಸ ಪ್ರಕರಣ ಕೇಳುವ ಸ್ಥಿತಿಯಲ್ಲೇ ಇಲ್ಲ.

ಪ್ರಶ್ನೆ: ಕೊನೆಗೆ ಗೆದ್ದವರು ಯಾರು?

ಉತ್ತರ: ಪಾಲುಗಳನ್ನು ನೋಡಿ. 2026ರ ಜನವರಿಯಲ್ಲಿ ಶುರುವಾದ ಜಂಟಿ ಕಂಪನಿಯಲ್ಲಿ ಅಮೆರಿಕದ ಸಾಫ್ಟ್‌ವೇರ್ ಕಂಪನಿ ಒರಾಕಲ್, ಅಲ್ಲಿನದೇ ಹೂಡಿಕೆ ಸಂಸ್ಥೆ ಸಿಲ್ವರ್ ಲೇಕ್, ಅಬುಧಾಬಿಯ ಹೂಡಿಕೆ ಸಂಸ್ಥೆ ಎಂಜಿಎಕ್ಸ್‌ಗೆ ತಲಾ ಶೇ 15. ಬೈಟ್‌ಡಾನ್ಸ್‌ಗೆ ಶೇ 19.9. ಕಾನೂನಿನ ಮಿತಿ ಶೇ 20, ಅದಕ್ಕೆ ಈ ದಶಾಂಶ! ಅಮೆರಿಕದವರ ಡೇಟಾ ಮತ್ತು ಅಲ್ಗಾರಿದಂನ ಉಸ್ತುವಾರಿ ಹೊಸ ಕಂಪನಿಯದು. ಜಾಹೀರಾತು, ಆನ್‌ಲೈನ್ ಮಾರಾಟ ಬೈಟ್‌ಡಾನ್ಸ್ ಬಳಿಯೇ ಉಳಿದಿವೆ. ಹಣ ಹುಟ್ಟುವುದು ಅಲ್ಲೇ ಅಲ್ಲವೇ?