ನೋವು ನಿಂತ ಹಲ್ಲಿಗೂ ರೂಟ್ ಕೆನಾಲ್ ಬೇಕೇ?

ಪ್ರಶ್ನೆ (ಶಿರಸಿ):
ನಮ್ಮ ಆಯಿಗೆ 58 ವರ್ಷ. ಮೊದಲಿನಿಂದಲೂ ಕವಳ (ಎಲೆ-ಅಡಿಕೆ) ಹಾಕುವ ರೂಢಿ. ಕೆಳದವಡೆಯ ಒಂದು ಹಲ್ಲು ಬಿಸಿ ಚಹಾ ತಾಗಿದರೆ ಬಹಳ ಹೊತ್ತು ನೋಯುತ್ತಿತ್ತು, ರಾತ್ರಿ ಮಲಗಿದರೆ ಕಿವಿಯವರೆಗೂ ಸೆಳೆಯುತ್ತಿತ್ತು. ಈಗ ನೋವು ಪೂರ್ತಿ ನಿಂತಿದೆ. ಆದರೂ ವೈದ್ಯರು ರೂಟ್ ಕೆನಾಲ್ ಮಾಡಿಸಬೇಕು ಎಂದಿದ್ದಾರೆ. ಮನೆಯಲ್ಲಿ ಕೆಲವರು ಕೀಳಿಸಿಬಿಡಿ ಎನ್ನುತ್ತಾರೆ. ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ (ದಂತವೈದ್ಯೆ, ಕುಮಟಾ):
ಹಲ್ಲಿನ ಒಳಗೆ ನರ ಮತ್ತು ರಕ್ತನಾಳಗಳಿರುವ ಮೃದುವಾದ ತಿರುಳಿದೆ. ತಣ್ಣನೆಯದು ತಾಗಿದಾಗ ಕ್ಷಣಮಾತ್ರ ಜುಮ್ಮೆಂದರೆ ಆ ತಿರುಳು ಇನ್ನೂ ಚೇತರಿಸಿಕೊಳ್ಳಬಹುದು. ಹುಳುಕು ತೆಗೆದು ಹಲ್ಲು ತುಂಬಿಸಿದರೆ ಸಾಕಾಗುತ್ತದೆ. ಆದರೆ ಬಿಸಿಗೆ ಎದ್ದ ನೋವು ಬಹಳ ಹೊತ್ತು ಉಳಿಯುವುದು, ಏನೂ ತಾಗದೆಯೂ ರಾತ್ರಿ ಎಬ್ಬಿಸುವುದು ತಿರುಳು ಮರಳಿ ಸರಿಹೋಗದಷ್ಟು ಕೆಟ್ಟಿದೆ ಎಂಬುದರ ಲಕ್ಷಣ. ಅಂಥ ನೋವು ತಾನಾಗಿ ನಿಂತರೆ ಬಹುಪಾಲು ನರ ಸತ್ತಿದೆ ಎಂದೇ ಅರ್ಥ. ಸೋಂಕು ಮಾತ್ರ ಸದ್ದಿಲ್ಲದೆ ಬೇರಿನ ತುದಿ ದಾಟಿ ಎಲುಬನ್ನು ಕರಗಿಸುತ್ತದೆ, ಕೆಲವೊಮ್ಮೆ ವಸಡಿನಲ್ಲಿ ಗುಳ್ಳೆಯಾಗಿ ಕೀವು ಒಸರುತ್ತದೆ. ಸತ್ತ ತಿರುಳಿಗೆ ರಕ್ತಸಂಚಾರವೇ ಇಲ್ಲದ್ದರಿಂದ ಆಂಟಿಬಯೋಟಿಕ್ ಮಾತ್ರೆ ಅಲ್ಲಿಗೆ ತಲುಪುವುದಿಲ್ಲ. ಲವಂಗದ ಎಣ್ಣೆಯೂ ತಾತ್ಕಾಲಿಕ ಶಮನವಷ್ಟೇ.

ಅರಿವಳಿಕೆ ಕೊಟ್ಟು, ಫೈಲು ಎಂಬ ಸೂಜಿಯಂಥ ತೆಳು ಉಪಕರಣಗಳಿಂದ ಬೇರಿನ ನಾಳಗಳನ್ನು ಶುಚಿಗೊಳಿಸಿ, ಔಷಧಿ ದ್ರಾವಣದಿಂದ ತೊಳೆದು, ಗಟ್ಟಾ ಪರ್ಚಾ ಎಂಬ ವಸ್ತುವಿನಿಂದ ಮುಚ್ಚುವುದೇ ರೂಟ್ ಕೆನಾಲ್ ಚಿಕಿತ್ಸೆ. ಕೆಳದವಡೆಯ ಮೊದಲ ದೊಡ್ಡ ಹಲ್ಲಿಗೆ ಸಾಮಾನ್ಯವಾಗಿ 3 ನಾಳಗಳಿರುವುದರಿಂದ ಒಮ್ಮೊಮ್ಮೆ ಎರಡು ಸಲ ಬರಬೇಕಾಗುತ್ತದೆ.

ಕವಳದ ವಿಷಯವನ್ನೂ ಹೇಳಲೇಬೇಕು. ಗಟ್ಟಿ ಅಡಿಕೆ ಜಗಿದು ಜಗಿದು ಹಲ್ಲು ಸವೆಯುತ್ತದೆ, ಬಿರುಕೂ ಬಿಡುತ್ತದೆ. ಆಗ ಹುಳುಕಿಲ್ಲದೆಯೇ ತಿರುಳಿಗೆ ಸೋಂಕು ತಗಲಬಹುದು. ಬಿರುಕು ಬೇರಿನವರೆಗೆ ಸೀಳಿದ್ದರೆ ಹಲ್ಲನ್ನು ಉಳಿಸುವುದು ಕಷ್ಟ, ಕೀಳಿಸುವುದೇ ಸರಿ. ಅಷ್ಟಾಗಿಲ್ಲದಿದ್ದರೆ ಉಳಿಸಿಕೊಳ್ಳಿ ಎಂದೇ ನನ್ನ ಸಲಹೆ. ಕಿತ್ತ ಜಾಗಕ್ಕೆ ಪಕ್ಕದ ಹಲ್ಲುಗಳು ವಾಲುತ್ತವೆ.

ಉತ್ತರ (ಅಂಕೋಲಾ):
ನಮ್ಮ ಅಪ್ಪ ರೂಟ್ ಕೆನಾಲ್ ಆದ ಮೇಲೆ ನೋವಿಲ್ಲವೆಂದು ಕ್ಯಾಪ್ (ಹಲ್ಲಿನ ಮೇಲೆ ಕೂರಿಸುವ ಕವಚ) ಹಾಕಿಸುವುದನ್ನು ಮುಂದೂಡಿದರು. ಮೀನಿನ ಊಟದಲ್ಲಿ ಮುಳ್ಳು ಕಡಿಯುವಾಗ ಹಲ್ಲು ಎರಡು ಹೋಳಾಗಿ, ಕೊನೆಗೆ ಕೀಳಿಸಬೇಕಾಯಿತು. ದವಡೆ ಹಲ್ಲಾದರೆ ಕ್ಯಾಪಿನ ಖರ್ಚನ್ನೂ ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ ಕೇಳಿದವರು:
ಆಯಿಗೆ ಸಕ್ಕರೆ ಕಾಯಿಲೆಯೂ ಇದೆ. ಮುಂದಿನ ತಿಂಗಳು ಅಡಿಕೆ ಕೊಯ್ಲು ಮುಗಿಯುವವರೆಗೆ ಕಾಯಬಹುದೇ?

ಉತ್ತರ (ದಂತವೈದ್ಯೆ, ಕುಮಟಾ):
ಕಾಯಬೇಡಿ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಸೋಂಕು ಬೇಗ ಹಬ್ಬುತ್ತದೆ, ಮಾಯುವುದು ತಡ. ಎಕ್ಸ್‌ರೇ ಮತ್ತು ಸಕ್ಕರೆ ತಪಾಸಣೆಯ ವರದಿಯೊಂದಿಗೆ ಈ ವಾರವೇ ಹೋಗಿ, ಅವರು ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ವೈದ್ಯರಿಗೆ ತಿಳಿಸಿ. ದವಡೆ ಊದಿ ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ, ಅಪಾಯಿಂಟ್‌ಮೆಂಟಿಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.