ಹೌಸ್‌ಸರ್ಜನ್ಸಿ ಶುರು ಆಗ್ತದ, ಅಂಜಿಕಿ ಬಂದದ. ಅನುಭವ ಇದ್ದವ್ರು ಹೇಳ್ರಿ

ಕೇಳಿದವರು:
ನಮಸ್ಕಾರ್ರೀ. ನಾನು ಸಿಂಧನೂರು ಕಡೆಯಾಕಿ, ಎಂಬಿಬಿಎಸ್ ಮುಗೀತು, ಮುಂದಿನ ವಾರದಿಂದ ಬೆಂಗಳೂರಾಗ ಒಂದು ದೊಡ್ಡ ಆಸ್ಪತ್ರ್ಯಾಗ ಹೌಸ್‌ಸರ್ಜನ್ಸಿ (ಒಂದು ವರ್ಷದ ಇಂಟರ್ನ್‌ಶಿಪ್), ಮೊದಲನೇ ಪೋಸ್ಟಿಂಗೇ ಮೆಡಿಸಿನ್. ಪುಸ್ತಕದಾಗ ಓದಿದ್ದು ಗೊತ್ತದ, ಆದ್ರ ರಾತ್ರಿ ಎರಡಕ್ಕ ವಾರ್ಡಿನ್ಯಾಗ ಏನರ ಆದ್ರ ಯಾರನ್ನ ಕೇಳ್ಬೇಕು, ಕೇಳಿದ್ರ "ಇಷ್ಟೂ ಗೊತ್ತಿಲ್ಲೇನು" ಅಂತಾರೇನೋ ಅಂತ ನಿದ್ದಿ ಬರವಲ್ದು. ಜತಿಗೆ ಇರೋರು ಸಪೋರ್ಟ್ ಮಾಡ್ತಾರಾ? ನಿಮಗ ಹ್ಯಾಂಗಾತು?

ಮೆಡಿಸಿನ್ ಪಿಜಿ, 3ನೇ ವರ್ಷ:
ಮಾಡ್ತಾರೆ ಕಣ್ರೀ, ಆದ್ರೆ ಕರೀಬೇಕು. ಕರೀದೇ ಇದ್ರೆ ಅವ್ರಿಗೆ ಹೇಗೆ ಗೊತ್ತಾಗ್ಬೇಕು.

ನನ್ನ ಎರಡನೇ ನೈಟ್ ಡ್ಯೂಟಿ ಹೇಳ್ತೀನಿ. ಹನ್ನೆರಡೂವರೆಗೆ ಲ್ಯಾಬಿಂದ ಫೋನು, 9ನೇ ಬೆಡ್ ಅಜ್ಜಿದು ಪೊಟ್ಯಾಸಿಯಂ 6.9 ಅಂತ, ಅಷ್ಟಿದ್ರೆ ಹಾರ್ಟಿಗೇ ಅಪಾಯ. ನಂಗೆ ಕೈಕಾಲು ತಣ್ಣಗಾಯ್ತು, ಎಮರ್ಜೆನ್ಸಿ ಟ್ರಾಲಿಲಿ ಹಾರ್ಟ್ ಕಾಪಾಡೋಕೆ ಕೊಡೋ ಕ್ಯಾಲ್ಸಿಯಂ ಗ್ಲುಕೋನೇಟ್ ಹುಡುಕ್ತಾ ಇದೀನಿ, ಸಿಗ್ತಿಲ್ಲ, ಸಿಸ್ಟರ್ ಬಂದು ನಿಧಾನಕ್ಕೆ "ಡಾಕ್ಟ್ರೇ, ಆ ಅಜ್ಜಿಗೆ ವೇನ್ ಸಿಗ್ದೆ ಮೂರು ಸಲ ಚುಚ್ಚಿದ್ರಲ್ಲ, ಬ್ಲಡ್ಡು ಹನಿಹನಿ ಬರ್ತಿತ್ತು, ಸಿರಿಂಜ್ ಒತ್ತಿ ಟ್ಯೂಬಿಗೆ ಹಾಕಿದ್ರಿ. ಮೊದ್ಲು ಒಂದು ಇಸಿಜಿ ತೆಗೀರಿ, ಅಕ್ಕನ್ನ ಕರೀರಿ" ಅಂದ್ರು. ಅಕ್ಕ ಅಂದ್ರೆ ನಮ್ಮ ಪಿಜಿ, ಎಂಡಿ ಓದ್ತಿದ್ದ ಸೀನಿಯರ್ ಡಾಕ್ಟ್ರು. ಹವಾಯಿ ಚಪ್ಪಲೀಲೇ ಬಂದ್ರು, ಇಸಿಜಿ ನೋಡಿದ್ರು, ಟಿ ವೇವ್ ಚೆನ್ನಾಗೇ ಇದೆ, ಇನ್ನೊಂದು ಕೈಯಿಂದ ಅವ್ರೇ ಸ್ಯಾಂಪಲ್ ತೆಗೆದು ಕಳ್ಸಿದ್ರು, 4.4 ಬಂತು. ರಕ್ತದ ಕಣ ಒಡೆದು ಒಳಗಿನ ಪೊಟ್ಯಾಸಿಯಂ ಆಚೆ ಬಂದಿತ್ತು ಅಷ್ಟೆ, ಹೀಮೊಲೈಸ್ ಆಗಿದ್ದ ಸ್ಯಾಂಪಲ್ಲು. ಥಿಯರೀಲಿ ನಾನೇ ಎಷ್ಟು ಸಲ ಬರೆದಿದ್ದೆ ಅದನ್ನ! ಬೈತಾರೆ ಅಂತ ನಿಂತಿದ್ದೆ, "ಕರ್ದಿದ್ದು ಒಳ್ಳೇದಾಯ್ತು, ಮುಂದಿನ ಸಲ ಇಸಿಜಿ ಕೈಲಿಟ್ಕೊಂಡು ಕರಿ" ಅಂದು ಹೋಗಿ ಮಲಗಿದ್ರು.

ಈಗ ನಾನೇ ಆ ಅಕ್ಕ. ನನ್ನ ಎಬ್ಬಿಸೋ ಹೌಸ್‌ಸರ್ಜನ್ ಮೇಲೆ ಕೋಪ ಬರಲ್ಲ, ಎಬ್ಬಿಸಿ "ಅಕ್ಕಾ ಪೇಷೆಂಟ್ ಒಂಥರಾ ಇದಾರೆ" ಅನ್ನೋರ ಮೇಲೆ ಬರುತ್ತೆ. ಕೇಸ್‌ಶೀಟ್ ಕೈಲಿಟ್ಕೊಂಡು ಫೋನ್ ಮಾಡಿ: ಬೆಡ್ ನಂಬರ್, ವಯಸ್ಸು, ಯಾವುದಕ್ಕೆ ಅಡ್ಮಿಟ್, ಈಗೇನಾಯ್ತು, ಬಿಪಿ, ಪಲ್ಸ್, ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ), ಶುಗರ್, ನೀವೇನು ಮಾಡಿದ್ರಿ. ಕೊನೇಲಿ "ಬಂದು ನೋಡ್ತೀರಾ" ಅಂತ ಬಾಯ್ಬಿಟ್ಟು ಕೇಳಿ. ಆದ್ರೆ ಪೇಷೆಂಟ್ ಉಸಿರಾಡೋಕೆ ಕಷ್ಟ ಪಡ್ತಿದ್ರೆ ಇದ್ಯಾವ್ದೂ ಬೇಡ, ಕೂಗಿ ಕರೀರಿ.

ಸ್ಟಾಫ್ ನರ್ಸ್, ಮೇಲ್ ವಾರ್ಡ್:
ಸಿಸ್ಟರ್ ಮಾತು ಬಂತು ಅಂತ ನಾನೂ ಬರೀತಿದೀನಿ. ಪ್ರತಿ ವರ್ಷ ಹೊಸಬ್ರು ಬರ್ತಾರೆ, ಮುಖದಲ್ಲಿ ಭಯ ಇರುತ್ತೆ, ಅದನ್ನ ಮುಚ್ಚೋಕೆ ಕೆಲವ್ರು ನಮ್ಮ ಮೇಲೆ ರೇಗ್ತಾರೆ. ಬೇಡಪ್ಪ. ಮೊದಲ ದಿನ ಬಂದು ಹೆಸರು ಹೇಳಿ ನಮ್ಮ ಹೆಸರು ಕೇಳಿ, ಡ್ರಗ್ ಕಪಾಟು ಎಲ್ಲಿ, ಸಕ್ಷನ್ ಎಲ್ಲಿ, ಗ್ಲುಕೋಮೀಟರ್ ಸ್ಟ್ರಿಪ್ ಎಲ್ಲಿ ಅಂತ ತೋರಿಸ್ಕೊಳ್ಳಿ. ಹೋದ ವರ್ಷ ಒಬ್ಬ ಹುಡುಗ ಇನ್ಸುಲಿನ್ 10 ಅಂತ ಬರೆದು ಪಕ್ಕಕ್ಕೆ ಇಂಗ್ಲಿಷ್ ಯು ಒಂದನ್ನೇ ಅಂಟಿಸಿದ್ದ, ನೋಡಿದ್ರೆ 100 ಥರಾನೇ ಕಾಣ್ಸುತ್ತೆ! ನಾನು ಫೋನ್ ಮಾಡಿ ಕೇಳ್ದೆ, ಓಡಿ ಬಂದ, ಅವತ್ತಿಂದ ಯೂನಿಟ್ಸ್ ಅಂತ ಪೂರ್ತಿ ಬರೀತಿದ್ದ. ನಾವು ಕೇಳೋದು ನಿಮ್ಮ ತಪ್ಪು ಹುಡುಕೋಕಲ್ಲ, ಇಂಜೆಕ್ಷನ್ ಹಾಕೋ ಕೈ ನಮ್ದು.

ಮತ್ತೆ ಆಯಮ್ಮಂದಿರ ಮಾತು ಕೇಳಿ. "ಆ ತಾತ ಸಂಜೆಯಿಂದ ಮಾತಾಡ್ತಿಲ್ಲ" ಅಂತ ಆಯಮ್ಮ ಹೇಳಿದ್ಮೇಲೇ ಒಂದ್ಸಲ ಶುಗರ್ ನೋಡಿದ್ದು, 38ಕ್ಕೆ ಇಳಿದಿತ್ತು, ತುಂಬಾ ಕಮ್ಮಿ. 25 ಪರ್ಸೆಂಟ್ ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಹೋದ ಐದು ನಿಮಿಷಕ್ಕೆ ತಾತ "ಊಟ ಆಯ್ತಾ" ಅಂದ್ರು.

ಸರ್ಜರಿ ಪಿಜಿ:
ಒಂದೇ ವಿಷಯ, ಸೂಜಿ ಚುಚ್ಕೊಂಡ್ರೆ ಮುಚ್ಚಿಡ್ಬೇಡಿ. ನಾನು ನಾಚಿಕೆಗೆ ಸುಮ್ನಿದ್ದೆ, ಗ್ಲೌಸ್ ಒಳಗೆ ರಕ್ತ ನೋಡಿ ಜೊತೆಗಿದ್ದವನೇ ಸಿಂಕ್ ಹತ್ರ ಎಳ್ಕೊಂಡು ಹೋಗಿ ಸೋಪು ನೀರಲ್ಲಿ ತೊಳೆಸಿದ (ಹಿಂಡ್ಬಾರ್ದು), ಸೀನಿಯರ್‌ಗೆ ಅವನೇ ಹೇಳ್ದ, ನನ್ನ ಉಳಿದ ಡ್ರೆಸಿಂಗ್ ಎಲ್ಲಾ ಅವನೇ ಮುಗಿಸ್ದ. ಪಿಇಪಿ (ಎಚ್‌ಐವಿ ತಗಲದ ಹಾಗೆ ಕೊಡೋದು) ಮಾತ್ರೆ ಆದಷ್ಟೂ 2 ಗಂಟೆ ಒಳಗೆ ಶುರು ಆಗ್ಬೇಕು, 72 ಗಂಟೆ ದಾಟಬಾರ್ದು, ಬೇಕಾದ್ರೆ 28 ದಿನದ ಕೋರ್ಸು. ಪೇಷೆಂಟ್ ರಿಪೋರ್ಟ್ ನೆಗೆಟಿವ್ ಬಂತು, ನಂದು ನಿಲ್ಲಿಸಿದ್ರು. ಇವತ್ತಿಗೂ ಆ ನನ್ಮಗ ಕಾಫಿ ಬಿಲ್ಲು ನನ್ನ ಕೈಲೇ ಕೊಡಿಸ್ತಾನೆ.

ಜನರಲ್ ಪ್ರಾಕ್ಟೀಸ್, ವಿಜಯನಗರ:
ಎಲ್ರೂ ಚೆಂದ ಚೆಂದ ಹೇಳ್ತಿದೀರಿ, ನಾನು ಸ್ವಲ್ಪ ಕಹಿ ಹೇಳ್ತೀನಿ. ಬೈಯೋರಲ್ಲಿ ಎರಡು ಥರ. ಬೈಕೊಂಡೇ ಬಂದು ಪೇಷೆಂಟ್ ನೋಡಿ ಡ್ರಿಪ್ ಲೈನ್ ಹಾಕಿಕೊಟ್ಟು ಹೋಗೋರು ಒಬ್ರು, ಅವ್ರು ನಿಮ್ಮೋರೇ. ಬೈದು ಫೋನ್ ಇಟ್ಟು ಬರ್ದೇ ಇರೋರು ಇನ್ನೊಬ್ರು. ನಮ್ಮ ಯೂನಿಟ್‌ನಲ್ಲಿ ಒಬ್ರಿದ್ರು, ಎರಡು ಸಲ ಕರ್ದೆ ಬರ್ಲಿಲ್ಲ, ಸಿಸ್ಟರ್ "ಟೈಮ್ ಬರೀರಿ ಡಾಕ್ಟ್ರೇ" ಅಂದ್ರು, ಕೇಸ್‌ಶೀಟಲ್ಲಿ ಎಷ್ಟು ಗಂಟೆಗೆ ಯಾರಿಗೆ ತಿಳಿಸ್ದೆ ಅಂತ ಬರ್ದು ಅವ್ರ ಮೇಲಿನವ್ರಿಗೆ ಫೋನ್ ಮಾಡ್ದೆ. ಅವ್ರು ಒಂದು ವಾರ ನನ್ಜೊತೆ ಮಾತು ಬಿಟ್ರು, ಪೇಷೆಂಟ್ ಐಸಿಯುಗೆ ಹೋಗಿ ಉಳ್ಕೊಂಡ್ರು. ಮಾತು ಬಿಟ್ರೆ ಬಿಡ್ಲಿ.

ಒಂದು ವರ್ಷದಲ್ಲಿ 15 ದಿನ ರಜೆ ಇರುತ್ತೆ, ಮೊದಲೇ ಹೇಳಿ ತಗೊಳ್ಳಿ, ಡ್ಯೂಟಿ ಅದಲು ಬದಲು ಮಾಡ್ಕೊಳ್ಳೋಕೆ ಬ್ಯಾಚ್‌ಮೇಟ್ಸ್ ಇರ್ತಾರೆ. ನಿದ್ದೆ ಊಟ ಎರಡೂ ಬಿಟ್ಟು ಅಳು ಬರ್ತಾ ಇದ್ರೆ ರೂಮಲ್ಲಿ ಒಬ್ರೇ ಕೂರ್ಬೇಡಿ, 14416 ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ಬೋದು. ನಿಮ್ಹಾನ್ಸ್‌ನವರು ನಮ್ಮೂರಲ್ಲೇ ಇದಾರಪ್ಪ, ಸಂಕೋಚ ಯಾಕೆ.

ಪೀಡಿಯಾಟ್ರಿಕ್ಸ್ ಪಿಜಿ, ಊರು ಕಲಬುರಗಿ:
ನಮ್ಮ ಕಡಿಯವ್ರಿಗೆ ಭಾಷಾದ ಚಿಂತಿನೂ ಇರ್ತದ, ಅದನ್ನ ಬಿಡ್ರಿ. ವಾರ್ಡಿನ್ಯಾಗ ತಮಿಳು, ತೆಲುಗು, ಉರ್ದು ಎಲ್ಲಾ ಬರ್ತಾವ, ತಮಿಳು ಬಂದ್ರ ವಾರ್ಡ್ ಬಾಯ್ ಅಣ್ಣನ್ನ ಕರೀತಿದ್ದೆ, ಉರ್ದು ಬಂದ್ರ ಅವರೆಲ್ಲಾ ನನ್ನ ಕರೀತಿದ್ರು. ಮನಿಯಿಂದ ರೊಟ್ಟಿ, ಶೇಂಗಾ ಚಟ್ನಿ ತರ್ರಿ, ಡ್ಯೂಟಿ ರೂಮಿನ್ಯಾಗ ಇಟ್ರ ಅರ್ಧ ಆಸ್ಪತ್ರಿ ದೋಸ್ತಿ ಆಗ್ತದ.

ಕೇಳಿದವರು (ಹನ್ನೆರಡು ದಿನ ಆದಮ್ಯಾಲ):
ನಿನ್ನೆ ಮೊದಲನೇ ನೈಟ್ ಮುಗೀತ್ರೀ. ಪಿಜಿ ಅಕ್ಕಗ ಮೂರು ಸಲ ಫೋನ್ ಹಚ್ಚಿದೆ. ಒಮ್ಮೆ ಖರೇನೇ ಬೇಕಿತ್ತು, ಬಿಪಿ 80ಕ್ಕ ಇಳದಿತ್ತು. ಒಮ್ಮೆ ಡೋಸ್ ಕೇಳಾಕ. ಇನ್ನೊಮ್ಮೆ ಸ್ಯಾಚುರೇಶನ್ 70 ಅಂತ ಗಾಬರಿ ಆಗಿ ಹಚ್ಚಿದೆ, ಅವ್ರು ಆಕಳಿಸ್ಕೋತ ಬಂದು ನೋಡಿದ್ರ ಬೆರಳಿಂದ ಪ್ರೋಬ್ ಜಾರಿತ್ತು. ಅಜ್ಜ ಆರಾಮ ಮಲಗಿದ್ದ. ಅಕ್ಕ ನನ್ನ ಮುಖ ನೋಡಿ ನಕ್ಕು, ಪ್ರೋಬ್ ಸರಿ ಹಾಕಿ, "ಚಟ್ನಿ ಉಳದದೇನು" ಅಂತ ನಮ್ಮ ಭಾಷಾದಾಗ ಕೇಳಿದ್ರು.