ಸಹಾಯ ಬೇಕು: ತಾಯ್ನುಡಿ ಕಲಿಯಲು ಹೊರಟಿರುವ ಕಿಕುಯು ಗೆಳೆಯರಿಗಾಗಿ

ಗುಂಪಿನ ಎಲ್ಲ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಕೆಲಸದ ನಿಮಿತ್ತ ನೈರೋಬಿಯಲ್ಲಿ ನೆಲೆಸಿರುವ ನಾನು, ಇಪ್ಪತ್ತೈದರ ಆಸುಪಾಸಿನ ನಾಲ್ವರು ಕಿಕುಯು ಸಹೋದ್ಯೋಗಿಗಳ ಪರವಾಗಿ ನಿಮ್ಮ ಅನುಭವವನ್ನು ಕೇಳುತ್ತಿದ್ದೇನೆ. 2019ರ ಜನಗಣತಿಯ ಪ್ರಕಾರ 81 ಲಕ್ಷ ಜನರಿರುವ, ಕೆನ್ಯಾದ ಅತಿ ದೊಡ್ಡ ಸಮುದಾಯ ಅವರದು. ಆದರೂ ನಗರದಲ್ಲಿ ಇಂಗ್ಲಿಷ್ ಮತ್ತು ಸ್ವಾಹಿಲಿಯಲ್ಲೇ ಬೆಳೆದ ಇವರಿಗೆ ಮನೆಮಾತು ಅರ್ಥವಾಗುತ್ತದೆಯೇ ಹೊರತು ಬಾಯಿಗೆ ಬರುವುದಿಲ್ಲ.

ಕಿಕುಯು ಸಂಪ್ರದಾಯದಲ್ಲಿ ಮೊದಲ ಮಗಳಿಗೆ ತಂದೆಯ ತಾಯಿಯ ಹೆಸರಿಡುತ್ತಾರೆ. ಹಾಗೆ ಅಜ್ಜಿಯ ಹೆಸರನ್ನೇ ಹೊತ್ತಿರುವ ಇವರಲ್ಲೊಬ್ಬಳು, ನ್ಯೇರಿಯ ಊರಿನಲ್ಲಿರುವ ಆ ಅಜ್ಜಿಯೊಡನೆ ಕುಶಲ ವಿಚಾರಿಸಿದ ಮೇಲೆ ಮಾತು ಮುಂದುವರಿಸಲಾರದೆ ಸುಮ್ಮನೆ ಕೈ ಹಿಡಿದು ಕೂರುತ್ತಾಳೆ. ಇದನ್ನು ಕೇಳಿದಾಗ ನನಗೆ ಬಹಳ ನೋವಾಯಿತು.

ನಮ್ಮಲ್ಲಿ ಬಹುವಚನಕ್ಕೆ ‘ಮರ’ದ ಕೊನೆಗೆ ‘ಗಳು’ ಸೇರಿದರೆ ಸಾಕು. ಅವರಲ್ಲಿ ‘ಮೊತೆ’ ಎಂಬ ಮರ ‘ಮೆತೆ’ ಆಗಿ, ಪದದ ಮೊದಲೇ ಬದಲಾಗುವುದಲ್ಲದೆ ಜೊತೆಗಿರುವ ವಿಶೇಷಣವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ತಪ್ಪಾದರೆ ಬಂಧುಗಳು ನಗುತ್ತಾರೆಂಬ ಸಂಕೋಚವೇ ವ್ಯಾಕರಣಕ್ಕಿಂತ ದೊಡ್ಡ ತೊಡಕಾಗಿದೆ.

ಮುಂಬೈಯಲ್ಲೋ ಅಮೆರಿಕದಲ್ಲೋ ಬೆಳೆದು, ದೊಡ್ಡವರಾದ ಮೇಲೆ ಕನ್ನಡ ಕಲಿತವರು ಅಥವಾ ಅಂಥವರಿಗೆ ಕಲಿಸಿದವರು ಇಲ್ಲಿದ್ದರೆ, ಆ ಸಂಕೋಚವನ್ನು ಹೇಗೆ ದಾಟಿದಿರಿ, ಅಜ್ಜ-ಅಜ್ಜಿಯರ ಮಾತನ್ನು ಧ್ವನಿಮುದ್ರಿಸಿಕೊಂಡು ಪಾಠವಾಗಿ ಬಳಸುವ ಕ್ರಮವೇನು ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಿ. ನಿಮ್ಮ ಉತ್ತರಗಳನ್ನು ನಾನೇ ಅವರಿಗೆ ಇಂಗ್ಲಿಷಿನಲ್ಲಿ ವಿವರಿಸುತ್ತೇನೆ.